ಕಬ್ಬಿನ ಸಾಲಿನಲ್ಲಿ ಕಳೆದ ನೋಟ್‌ಬುಕ್

ವಿಜ್ಞಾನ ಕಲಿಸಿ ನಿವೃತ್ತರಾದ ಮದಿನಾಬಿ ಅಕ್ಕೋರ ಕಟ್ಟೆಗೆ ಕಾಗವಾಡದ ಕಳವುಗಳೆಲ್ಲ ಪೊಲೀಸರಿಗಿಂತ ಮೊದಲೇ ಬರುತ್ತಿದ್ದವು. ಪಕ್ಕದ ಮನೆಯವಳಾದ ನಾನು ಚಹಾ ಕೊಟ್ಟು ಸಾಕ್ಷಿಯಾಗುತ್ತಿದ್ದೆ.

ಆ ಮಧ್ಯಾಹ್ನ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ಉಜ್ವಲಾ ಓಡಿಬಂದಳು. ಕಾರ್ಖಾನೆಗೆ ಕಬ್ಬು ಹಾಕುವ ಸರದಿ ಕಾಯುವಾಗ ಓದಲೆಂದು ತಂದೆಯ ಟ್ರ್ಯಾಕ್ಟರಿನಲ್ಲಿ ಸಂಶೋಧನೆಯ ನೋಟ್‌ಬುಕ್ ಒಯ್ದಿದ್ದಳು. ಧೂಳಾಗದಿರಲೆಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಮಡ್‌ಗಾರ್ಡಿನ ಮೇಲಿಟ್ಟು ಕೆಳಗಿಳಿದಿದ್ದಳು. ತಿರುಗಿ ಬಂದಾಗ ಅದಿರಲಿಲ್ಲ. ಡ್ರೈವರ್ ಇಸಾಕನೇ ಕದ್ದನೆಂದು ತಂದೆ ಈಶ್ವರ ಕೀಲಿ ಕಸಿದುಕೊಂಡಿದ್ದ. ನೋಟ್‌ಬುಕ್ ಸಿಗದಿದ್ದರೆ ಇಸಾಕನ ಕೆಲಸ ಹೋದಂತೆಯೇ.

ನಾವು ಸಕ್ಕರೆ ಕಾರ್ಖಾನೆಯ ದಾರಿಗೆ ಹೋದೆವು. ಒಂದು ಬದಿ ಕಾಲುವೆ, ಇನ್ನೊಂದು ಬದಿ ಮುಳ್ಳುಬೇಲಿ. ನಡುವೆ ಹನ್ನೆರಡು ಕಬ್ಬಿನ ಟ್ರ್ಯಾಕ್ಟರುಗಳು ಮೂರು ತಾಸಿನಿಂದ ಒಂದರ ಹಿಂದೊಂದು ನಿಂತಿದ್ದವು.

"ಯಾರೂ ಹಾಯ್ದು ಹೋಗಿಲ್ರಿ ಅಕ್ಕೋರ," ಎಂದ ಈಶ್ವರ. "ನಾ ಫೋನಿನ್ಯಾಗ ಮಾತಾಡಕೋತ ಮಡ್‌ಗಾರ್ಡಿಗೇ ಒರಗಿ ನಿಂತಿದ್ದೆ. ಮೊದಲನೇ ಗಾಡಿ ಬಾಳೂನ ಬುತ್ತಿ ಹಿಂದಿನಿಂದ ಬಂತು, ಮುಂದ ದಾಟಿಸಿದೆ. ಅಷ್ಟ."

ಆ ಸಾಲಿನ ವಾಡಿಕೆಯೇ ಹಾಗೆ. ಜಾಗ ಬಿಟ್ಟರೆ ಪಾಳಿ ಹೋದೀತೆಂದು ಯಾರೂ ಕದಲುವುದಿಲ್ಲ. ಬುತ್ತಿ ಮಾತ್ರ ಕೈಯಿಂದ ಕೈಗೆ ಸಾಗುತ್ತದೆ. ಇಸಾಕನ ಜೇಬು, ಸೀಟಿನ ಅಡಿ ಎಲ್ಲ ಆಗಲೇ ಹುಡುಕಿಯಾಗಿತ್ತು.

ನೋಟ್‌ಬುಕ್ಕಿನಲ್ಲಿ ಏನಿತ್ತೆಂದು ಅಕ್ಕೋರು ಕೇಳಿದರು.

"ಭಾಳ ತೆಳ್ಳನ ತಂತಿಯೊಳಗಿನ ಎಲೆಕ್ಟ್ರಾನ್‌ದ್ರಿ," ಎಂದಳು ಉಜ್ವಲಾ. "ಒಂದನ್ನೊಂದು ದೂಡತಾವ, ದಾಟಿ ಹೋಗಾಕ ಜಾಗಿಲ್ಲ. ಹಿಂಗಾಗಿ ಅವುಗಳ ಚಾರ್ಜಿನ ಅಲೆ ಒಂದು ವೇಗದಾಗ, ಸ್ಪಿನ್ನಿನ ಅಲೆ ಇನ್ನೊಂದು ವೇಗದಾಗ ಹೋಗತೈತಿ. ಎಲೆಕ್ಟ್ರಾನ್ ಸಾಲು ಬಿಡಂಗಿಲ್ಲ, ಅದರ ಗುಣ ಒಂದರಿಂದ ಒಂದಕ್ಕ ದಾಟತೈತಿ."

ಅಕ್ಕೋರು ನಕ್ಕು ಎಲ್ಲರನ್ನೂ ಸಾಲಿನ ತಲೆಗೆ, ಬಾಳುವಿನ ಬಳಿಗೆ ಕರೆದೊಯ್ದರು. ಇವತ್ತು ಎಷ್ಟು ಬುತ್ತಿ ಗಂಟು ಬಂದವೆಂದು ಕೇಳಿದರು.

"ಎರಡ್ರಿ. ಒಂದು ಉಂಡೆ, ಒಂದು ಸಂಜಿಗೆ ಇಟ್ಟೀನಿ. ಹೆಂಡ್ತಿಗೆ ಇವತ್ತ ಭಾಳ ಪ್ರೀತಿ ಬಂದೈತಿ ಅಂದ್ಕೊಂಡೆ."

ಎರಡನೆಯ ಗಂಟಿನಲ್ಲಿ ರೊಟ್ಟಿ ಇರಲಿಲ್ಲ, ಲೆಕ್ಕಗಳಿದ್ದವು.

"ಮನಷ್ಯಾರು ಯಾರೂ ದಾಟಿಲ್ಲ, ಖರೆ," ಎಂದರು ಅಕ್ಕೋರು. "ಇಸಾಕ ಕದ್ದಿದ್ರ ಗಾಡಿಯೊಳಗ ಸಿಗಬೇಕಿತ್ತು, ಸಿಗಲಿಲ್ಲ. ಅಂದಮ್ಯಾಲ ಗಂಟಷ್ಟ ದಾಟೈತಿ. ಎರಡೂ ಬಿಳಿ ಬಟ್ಟಿ. ಮಡ್‌ಗಾರ್ಡಿಗೆ ಒರಗಿ ಫೋನಿನ್ಯಾಗ ಮುಳುಗಿದಾವ ಒಬ್ಬನ. ಬುತ್ತಿ ಕೊಟ್ಟ ಕೈ ರೂಢಿ ಮ್ಯಾಲ ಇದನ್ನೂ ಕೊಟ್ತು. ಮಂದಿ ಬುತ್ತಿ ಯಾರು ಬಿಚ್ಚಿ ನೋಡತಾರ, ಈಶ್ವರಪ್ಪ?"

ಈಶ್ವರ ನೆಲ ನೋಡುತ್ತ ಇಸಾಕನತ್ತ ಕೀಲಿ ಹಿಡಿದ. ಇಸಾಕ ಕೈ ಮುಂದೆ ಮಾಡಲಿಲ್ಲ.

"ಸಾಲಿಗೆಲ್ಲ ಕೇಳೂವಂಗ ಕಳ್ಳ ಅಂದ್ರಿ, ಮಾಲಕ್ರ. ಇದನ್ನೂ ಸಾಲಿಗೆಲ್ಲ ಹೇಳ್ರಿ."

ಈಶ್ವರ ಒಂದೊಂದೇ ಟ್ರ್ಯಾಕ್ಟರಿನ ಮುಂದೆ ನಿಂತು ತಪ್ಪೊಪ್ಪಿಕೊಳ್ಳುತ್ತ ನಡೆದ. ಮೂರನೆಯವನಿಗೆ ಹೇಳುವಷ್ಟರಲ್ಲಿ ಸುದ್ದಿ ಬಾಯಿಂದ ಬಾಯಿಗೆ ದಾಟಿ ಹನ್ನೆರಡನೆಯವನು ನಗತೊಡಗಿದ್ದ. ಇಸಾಕನೂ ನಕ್ಕು, ಅವನ ಹಿಂದೆ ಹೋಗಿ ಕೀಲಿ ತೆಗೆದುಕೊಂಡ.