ಎ.ಸಿ. ಕೋಣೆಯಲ್ಲಿ ಒದ್ದೆಯಾದ ಯೂರಿಯಾ

"ಅಲ್ಲಾನ ಆಣೆ ಬಾಯೀ, ಮುಚ್ಚಳ ನಾನು ಗಟ್ಟಿ ಹಾಕಿದ್ದೆ!"

ಕೊಲ್ಲಿ ನಾಡಿನ ಮಿರ್ದಿಫ್ ಬಡಾವಣೆಯ ಗರ್ಟ್ರೂಡ್ ಬಾಯಿಯವರ ಅಡುಗೆಮನೆಯಲ್ಲಿ ಕುಳಿತು ಹಫ್ಸ ಗೋಳೋ ಎಂದು ಅಳುತ್ತಿದ್ದಳು. ಚಹಾಕ್ಕೆಂದು ಪಕ್ಕದ ಮನೆಯಿಂದ ಬಂದಿದ್ದ ಚಂದ್ರಮತಿಗೆ ಚಹಾ ಮರೆತೇಹೋಯಿತು. ಗರ್ಟ್ರೂಡ್ ಬಾಯಿ ರುವೈಸ್‌ನ ಗೊಬ್ಬರ ಕಾರ್ಖಾನೆಯಲ್ಲಿ ಪ್ರಯೋಗಾಲಯ ನಡೆಸಿ ನಿವೃತ್ತರಾದವರು. ಪರಿಚಯದವರ ಕಳವು, ಮೋಸಗಳೆಲ್ಲ ಅವರ ಬಾಗಿಲಿಗೇ ಬರುತ್ತಿದ್ದವು. ಅವರನ್ನು ಕಾರಿನಲ್ಲಿ ಸುತ್ತಿಸುವ ಪುಣ್ಯ ಮಾತ್ರ ಚಂದ್ರಮತಿಯದು.

ಸಂಗತಿ ಇಷ್ಟು. ಯುದ್ಧದಿಂದ ಜಲಸಂಧಿ ಮುಚ್ಚಿ, ಹಡಗುಗಳು ನಿಂತು ಯೂರಿಯಾದ ಬೆಲೆ ಮುಗಿಲು ಮುಟ್ಟಿತ್ತು. ಹಫ್ಸಳ ಧಣಿ ಪೃಥ್ವಿರಾಜನ ದಾಸ್ತಾನು ಅದೃಷ್ಟಕ್ಕೆ ಜಲಸಂಧಿಯ ಹೊರಗೆ, ಫುಜೈರಾದ ಗೋದಾಮಿನಲ್ಲಿತ್ತು. ಅದನ್ನು ಕೀನ್ಯಾದ ಮೆಕ್ಕೆಜೋಳದ ರೈತಸಂಘಕ್ಕೆ ಹಳೆಯ ಬೆಲೆಗೇ ಕೊಡುವ ಮಾತಾಗಿತ್ತು. ಮಾದರಿ ಒದ್ದೆಯಿದ್ದರೆ ಮಾತ್ರ ಒಪ್ಪಂದ ರದ್ದು. ಮಾದರಿಗೆಂದು ಹಫ್ಸ ನಿನ್ನೆ ಗೋದಾಮಿನಿಂದ ತಂದು ಕಚೇರಿಯಲ್ಲಿಟ್ಟ ಜಾಡಿಯ ಯೂರಿಯಾ ಬೆಳಿಗ್ಗೆ ನೋಡಿದರೆ ಪಿಚಿಪಿಚಿ!

"ಸಂಘದವರು ಮಧ್ಯಾಹ್ನ ಬರ್ತಾರೆ. ನನ್ನನ್ನು ತೆಗೀತಾರಂತೆ. ಕೆಲಸ ಹೋದ್ರೆ ವೀಸಾ ಖಲಾಸ್ ಅಲ್ವಾ ಬಾಯೀ?"

"ಅಳು ಸಾಕು. ಚಂದ್ರಮತೀ, ಕಾರು ತೆಗಿ. ಯಲ್ಲಾ, ಹೊರಡುವ!"

ಜುಮೇರಾ ಲೇಕ್ ಟವರ್ಸ್‌ನಲ್ಲಿದ್ದ ಧಣಿಯ ಕಚೇರಿಯ ಚಳಿಗೆ ಚಂದ್ರಮತಿ ಸೆರಗು ಹೊದ್ದುಕೊಂಡಳು. ಪೃಥ್ವಿರಾಜನ ಪಾಲುದಾರ ಡೆನಿಸ್ ಎದುರಿಗೇ ಬಂದ.

"ನಾನೇ ಕಣ್ಣಾರೆ ಕಂಡೆ ಮಾರಾಯ್ರೆ. ರಾತ್ರಿ ನಾನು ಬೀಗ ಹಾಕುವಾಗ ಜಾಡಿ ಇವಳ ಮೇಜಿನ ಮೇಲೆ ಬಾಯಿ ತೆರೆದೇ ಇತ್ತು. ರಾತ್ರಿಯಿಡೀ ತೆರೆದಿಟ್ರೆ ಒದ್ದೆಯಾಗದೆ ಇನ್ನೆಂಥ ಆಗ್ತದೆ?"

ಗರ್ಟ್ರೂಡ್ ಬಾಯಿ ಜಾಡಿಗೆ ಚಮಚ ಇಳಿಸಿದರು. ಮೇಲೆ ಕೆಸರು, ತಳದಲ್ಲಿ ಉದುರುದುರು ಕಾಳು.

"ರಾತ್ರಿ ಎ.ಸಿ. ನಿಲ್ಲಿಸ್ತೀರಾ?"

"ಇಲ್ಲ ಬಾಯಿ, ವರ್ಷಪೂರ್ತಿ ಓಡ್ತದೆ," ಎಂದ ಪೃಥ್ವಿರಾಜ.

ಬಾಯಿ ಪ್ಯಾಂಟ್ರಿಗೆ ನುಗ್ಗಿ, ನಿನ್ನೆಯ ಊಟದಲ್ಲಿ ಉಳಿದು ತಟ್ಟೆಯಲ್ಲಿ ತೆರೆದೇ ಬಿದ್ದಿದ್ದ ಹಪ್ಪಳವನ್ನು ಕರುಂ ಎಂದು ಕಡಿದರು. ಚಂದ್ರಮತಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. "ಪರರ ಮನೆಯ ಹಳಸಲು ಹಪ್ಪಳ! ಬೆಳಿಗ್ಗೆ ತಿಂಡಿ ತಿಂದಿಲ್ವಾ ನೀವು?"

"ಬಾಲ್ಕನಿಯ ಕೀಲಿ ಯಾರ ಹತ್ರ?" ಎಂದರು ಬಾಯಿ, ಅಗಿಯುತ್ತಲೇ.

"ನನ್ನ ಹತ್ರ. ಇಲ್ಲಿ ಸಿಗರೇಟು ಸೇದುವವ ನಾನೊಬ್ಬನೇ," ಎಂದು ಡೆನಿಸ್ ಗೊಂಚಲಿನಿಂದ ಕೀಲಿ ತೆಗೆದ.

ಹೊರಗೆ ಕಾಲಿಟ್ಟದ್ದೇ ಸೆಪ್ಟೆಂಬರಿನ ಹಬೆಗೆ ಚಂದ್ರಮತಿಯ ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡಿದರೆ ಸ್ಟೂಲಿನ ಮೇಲೆ ಬಿಸಿಲಿಗೆ ಒಣಗಿ ಅಂಟಿದ ಬಿಳಿ ಹುಡಿ. ಬಾಯಿ ಅದನ್ನು ಕೆರೆದು, ಗ್ಲಾಸಿನಲ್ಲಿ ತುಸುವೇ ನೀರಿಗೆ ಹಾಕಿ, ಚಂದ್ರಮತಿಯ ಕೈಗಿತ್ತರು. ಬೆಚ್ಚಗಿದ್ದ ನೀರು ತಣ್ಣಗಾಗಿಬಿಟ್ಟಿತು!

ಮಧ್ಯಾಹ್ನ ರೈತಸಂಘದ ವಂಜಿರು ಬಂದಳು. ಎಲ್ಲರೂ ಮೇಜಿನ ಸುತ್ತ ಕುಳಿತರು. ಬಾಯಿ ಹೇಳಿದ್ದನ್ನೆಲ್ಲ ಹಫ್ಸ ಅವಳಿಗೆ ಇಂಗ್ಲಿಷಿನಲ್ಲಿ ತಿಳಿಸುತ್ತ ಹೋದಳು.

"ದಾಸ್ತಾನೇ ಒದ್ದೆಯಾಗಿದ್ರೆ ಜಾಡಿಯ ತಳವೂ ಒದ್ದೆಯಿರ್ಬೇಕಿತ್ತು. ಹಾಗಾಗಿ ಮಾಲು ಚಿನ್ನದಂಥದ್ದು. ಮೇಲಿನದಕ್ಕೆ ಮಾತ್ರ ಗಾಳಿಯ ತೇವ ತಾಗಿದೆ. ನಮ್ಮ ಉಡುಪಿ, ಮಂಗಳೂರಲ್ಲಿ ಮಳೆಗಾಲಕ್ಕೆ ತೆರೆದಿಟ್ಟ ಉಪ್ಪೂ ನೀರಾಗ್ತದೆ. ಡೆನಿಸ್ ಅದೇ ಲೆಕ್ಕದಲ್ಲಿ ಸುಳ್ಳು ಹೆಣೆದ. ಆದ್ರೆ ಇಲ್ಲಿ ಎ.ಸಿ.ಯ ಗಾಳಿ ಒಣಕಲು. ಹಪ್ಪಳವೇ ಮೆತ್ತಗಾಗದ ಕಚೇರಿಯಲ್ಲಿ ಯೂರಿಯಾ ಕರಗೀತಾ? ಜಾಡಿ ರಾತ್ರಿ ಬಾಲ್ಕನಿಯಲ್ಲಿತ್ತು. ಕರಗುವಾಗ ನೀರಿನ ಬಿಸಿ ಹೀರಿ ಹಾಗೆ ತಣ್ಣಗೆ ಮಾಡಿದ ಆ ಹುಡಿ ಯೂರಿಯಾವೇ, ಉಪ್ಪಲ್ಲ, ಸೋಪಲ್ಲ. ರಾತ್ರಿ ಕೊನೆಗೆ ಕಚೇರಿಗೆ ಬೀಗ ಹಾಕಿದವನೂ ಬಾಲ್ಕನಿಯ ಕೀಲಿ ಇಟ್ಟುಕೊಂಡವನೂ ಒಬ್ಬನೇ."

ಡೆನಿಸ್ ಮೇಜು ಗುದ್ದಿದ. "ಮೂರು ಪಟ್ಟು ಕೊಡುವವರು ಕಾಯ್ತಿದ್ದಾರೆ ಪೃಥ್ವೀ! ಇದು ರದ್ದಾದ್ರೆ ನಿನಗೂ ಲಾಭವೇ ಅಲ್ವಾ?"

"ಹೊರಗೆ ಹೋಗು," ಎಂದ ಪೃಥ್ವಿರಾಜ. ಆಮೇಲೆ ಹಫ್ಸಳ ಕಡೆ ತಿರುಗಿ, "ನಿನ್ನ ಕೆಲಸಕ್ಕೆ ಎಂಥದೂ ಆಗುದಿಲ್ಲ," ಎಂದ. ಆದರೆ ಒಪ್ಪಂದಕ್ಕೆ ಸಹಿ ಹಾಕಬೇಕಾದ ಅವನ ಪೆನ್ನು ಕದಲಲಿಲ್ಲ. ಮೂರು ಪಟ್ಟು ಎಂಬ ಮಾತು ಅವನ ಕಿವಿಗೂ ಬಿದ್ದಿತ್ತಲ್ಲ!

ಹಫ್ಸ ಎದ್ದು ನಿಂತಳು. "ಸಾರ್, ಫುಜೈರಾದಿಂದ ಇವತ್ತೇ ಹೊಸ ಮಾದರಿ ತರ್ತೇನೆ. ಆದ್ರೆ ಆ ಗೊಬ್ಬರ ಇವರಿಗೇ ಹೋಗ್ಬೇಕು. ಅಲ್ಲಿ ಬಿತ್ತನೆಯ ಮಳೆ ಕಾಯುದಿಲ್ಲ. ಕೊಡುದಿಲ್ಲ ಅಂತಾದ್ರೆ ನನ್ನ ವೀಸಾ ಈಗಲೇ ಕ್ಯಾನ್ಸಲ್ ಮಾಡಿ."

ಪೃಥ್ವಿರಾಜ ಅವಳ ಮುಖ ನೋಡಲಾರದೆ ತಲೆ ತಗ್ಗಿಸಿ ಸಹಿ ಹಾಕಿದ.

ವಂಜಿರು ಸಂತೋಷದಿಂದ ಹಫ್ಸಳ ಕೈ ಹಿಡಿದು, ಈಗ ಏನು ಹೇಳಿದೆ ಎಂದು ಕೇಳಿದಳು. ಹಫ್ಸ ಕಣ್ಣೊರೆಸಿಕೊಂಡು ನಕ್ಕಳೇ ಹೊರತು, ವೀಸಾದ ಆ ಒಂದು ಮಾತನ್ನು ಮಾತ್ರ ಇಂಗ್ಲಿಷಿನಲ್ಲಿ ತಿಳಿಸಲಿಲ್ಲ.