ತಲೆ ಮುಟ್ಟಿಸಿ ಮಾಡಿಸಿದ ಆಣೆ

"ಮುಷ್ಟಿ ಬಿಗಿ ಹಿಡೀರಿ."

ರಬ್ಬರ್ ಪಟ್ಟಿ ಕಟ್ಟಿ ಹೇಳಿದ ಮೇಲೆ ಮಂಜರಿ ತಲೆ ಎತ್ತಿದಳು. ಎದುರಿನ ಕುರ್ಚಿಯಲ್ಲಿ ಅಂಗಿಯ ತೋಳು ಮಡಚಿ, ಕೈ ಚಾಚಿ ಕುಳಿತವನು ಋಷಿಕೇಶ.

ಅವಳ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು.

ನಿಶ್ಚಿತಾರ್ಥ ಮಾಡಿಕೊಂಡವನು. ಅವಳು ಡೆಂಗಿ ಜ್ವರದಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಾಗ 'ನನಗ ಈ ಮದುವಿ ಬ್ಯಾಡ, ನನ್ನ ಮರತಬಿಡು' ಎಂದು ಒಂದು ಮೆಸೇಜು ಹಾಕಿ ಮಾಯವಾದವನು.

ಬಿಬವೇವಾಡಿಯ ಲ್ಯಾಬಿನಿಂದ ಕಾತ್ರಜದ ಆಚೆಯ ಈ ವ್ಯಸನಮುಕ್ತಿ ಕೇಂದ್ರಕ್ಕೆ ರಕ್ತ ತೆಗೆಯಲು ಬರುತ್ತಿದ್ದ ಹುಡುಗಿ ಅಂದು ರಜೆ ಹಾಕಿದ್ದಳು. ಬದಲಿಗೆ ಬಂದವಳು ಮಂಜರಿ. ಇಷ್ಟು ದೊಡ್ಡ ಪುಣೆಯಲ್ಲಿ ಸಿಗಬೇಕಾದವನು ಇವನೇ ಏನು?

"ಮಂಜು…"

"ಹೆಸರು ಹೇಳ್ರಿ."

"ಋಷಿಕೇಶ," ಎಂದ.

ಆ 'ರಿ' ಅವನಿಗೆ ಸೂಜಿಗಿಂತ ಮೊದಲೇ ಚುಚ್ಚಿತ್ತು. ಅವಳಿಗೆ ಬೇಕಾಗಿದ್ದೂ ಅದೇ. ಧಾರವಾಡ ಮೂಲದ ನಮ್ಮ ಮಂಜರಿ ಸಿಟ್ಟು ಬಂದಾಗ ಕೂಗಾಡುವವಳಲ್ಲ, ಬಹುವಚನಕ್ಕೆ ಇಳಿಯುವವಳು.

ಒಂದು ಕಾಲಕ್ಕೆ ಸೂಜಿ ಕಂಡರೆ ಬೆವರುತ್ತಿದ್ದ ಆಸಾಮಿ ಇವನು. ಮಾರ್ಕೆಟ್ ಯಾರ್ಡಿನ ಈರುಳ್ಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಅಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ, ಹಮಾಲರೆಲ್ಲ ನೋಡುತ್ತಿದ್ದಂತೆ, ಮಂಜರಿ ಚುಚ್ಚುವ ಮೊದಲೇ ಈರುಳ್ಳಿ ಚೀಲಗಳ ಮೇಲೆ ಒರಗಿಬಿಟ್ಟಿದ್ದ. ಅವಳಿಗೆ ನಗು ತಡೆಯಲಾಗಿರಲಿಲ್ಲ. ಕಣ್ಣು ಬಿಟ್ಟವನು ಅವಳ ನಗು ನೋಡಿ ತಾನೂ ನಕ್ಕಿದ್ದ. ಅವರ ಪ್ರೀತಿ ಶುರುವಾದದ್ದು ಹಾಗೆ.

ಇಂದು ಅವನು ಮುಖ ತಿರುಗಿಸಲಿಲ್ಲ. ಸೂಜಿಯ ಕಡೆಗೂ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಆರಾಮ ಇದ್ದೀ ಏನು? ಖರೇ ಹೇಳು… ಆಮ್ಯಾಲೆ ನಿನಗ ಏನೂ ಆಗಿಲ್ಲಲ್ಲ?"

ಎಂಥ ಮಾತು ಕೇಳುತ್ತಿದ್ದಾನೆ ಇವನು… ಕೇಳಬೇಕಾದಾಗ ಎಲ್ಲಿದ್ದ?

"ನಾ ಸತ್ತಿಲ್ರಿ. ಕೈ ಅಲ್ಲಾಡಿಸಬ್ಯಾಡ್ರಿ."

ಅವನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಆ ಒಂದು ಮಾತಿಗೆ ಯಾಕಷ್ಟು ಹೆದರಿದ ಎಂದು ಅವಳಿಗೆ ತಿಳಿಯಲಿಲ್ಲ. ಹೊಸ ಮಾತ್ರೆ ಶುರು ಮಾಡುವ ಮೊದಲು ಲಿವರ್ ತಪಾಸಣೆ ಆಗಬೇಕೆಂದು ಡಾಕ್ಟರು ಬರೆದಿದ್ದರು. ನಳಿಕೆ ತುಂಬಿಕೊಂಡಳು, ಹತ್ತಿ ಒತ್ತಿದಳು, ಇನ್ನೊಂದು ಮಾತಾಡದೆ ಹೊರಗೆ ಬಂದಳು.

ವರಾಂಡದ ಬೆಂಚಿನ ಮೇಲೆ ಕುಳಿತ ಮೇಲೆ ಅಳು ಉಕ್ಕಿ ಬಂತು. ಎಷ್ಟು ಹಲ್ಲು ಕಚ್ಚಿದರೂ ನಿಲ್ಲಲಿಲ್ಲ.

ಕೇಂದ್ರದ ಆಪ್ತಸಮಾಲೋಚಕಿ ಸುಲಭಾ ಅವಳ ಪಕ್ಕ ಬಂದು ಕುಳಿತರು. ಎಲ್ಲರೂ ಅವರನ್ನು ತಾಯಿ, ಅಂದರೆ ಮರಾಠಿಯಲ್ಲಿ ಅಕ್ಕ, ಎಂದೇ ಕರೆಯುತ್ತಿದ್ದರು. "ಋಷಿಕೇಶನ ಮನೆಯವರಾ?" ಎಂದು ಮರಾಠಿಯಲ್ಲಿ ಕೇಳಿದರು.

"ಅಲ್ಲ. ಆಗಬೇಕಾಗಿತ್ತು. ಅವನಿಗೆ ನನಗಿಂತ ಜೂಜಾಟವೇ ದೊಡ್ಡದಾಯಿತು."

"ಅವನು ಒಳಗೆ ಹೇಳಿಕೊಂಡದ್ದನ್ನು ನಾನು ನಿಮಗೆ ಹೇಳುವ ಹಾಗಿಲ್ಲ. ಈ ಕಾಯಿಲೆಯ ಬಗ್ಗೆ ಬೇಕಾದರೆ ಹೇಳಬಲ್ಲೆ." ಸುಲಭಾತಾಯಿ ಅವಸರ ಮಾಡಲಿಲ್ಲ. "ಜೂಜಿನ ಚಟ ಹತ್ತಿದವರಿಗೆ ಮನೆಯವರ ಮೇಲೆ ಪ್ರೀತಿ ಇರುವುದಿಲ್ಲ ಅಂತಲ್ಲ. ಸೋತಾಗ, ಇನ್ನೊಂದು ಆಟದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ತಲೆ ಹೇಳುತ್ತಲೇ ಇರುತ್ತದೆ. ಆಮೇಲೆ ನಾಚಿಕೆ. ಅದನ್ನು ಮುಚ್ಚಲು ಸುಳ್ಳು. ಸುಳ್ಳು ಮರೆಯುವುದಕ್ಕೆ ಅವರಿಗೆ ಗೊತ್ತಿರುವ ದಾರಿ ಮತ್ತೆ ಅದೇ ಆಟ."

"ಆಣೆ ಮಾಡಿಸಿದರೂ ಬಿಡುವುದಿಲ್ಲವಾ?" ಮಂಜರಿಯ ಬಾಯಿಂದ ತಟ್ಟನೆ ಬಂತು.

"ಜ್ವರ ಬಂದವರಿಗೆ ನಿಮ್ಮ ಲ್ಯಾಬಿನಲ್ಲಿ ಆಣೆ ಮಾಡಿಸುತ್ತೀರಾ?"

ಮಂಜರಿ ತಲೆ ತಗ್ಗಿಸಿದಳು.

"ರವಿವಾರ ಮನೆಯವರ ಭೇಟಿ ಇದೆ. ಬನ್ನಿ," ಎಂದರು ಸುಲಭಾತಾಯಿ.

"ನಾನು ಮನೆಯವಳಲ್ಲ ಅಂದೆನಲ್ಲ."

"ಹೌದು, ಅಂದಿರಿ," ಎಂದು ಕರವಸ್ತ್ರ ಕೊಟ್ಟು ಅವರು ಎದ್ದುಹೋದರು.

ಮನೆಗೆ ಹೋದ ಮೇಲೂ ಆಣೆಯ ಮಾತು ಅವಳನ್ನು ಬಿಡಲಿಲ್ಲ.

ನಿಶ್ಚಿತಾರ್ಥದ ಉಂಗುರ ಅವನ ಬೆರಳಲ್ಲಿ ಇರಲಿಲ್ಲ. 'ಬೆರಳಿಗೆ ಬಾವು ಬಂದದ' ಎಂದಿದ್ದ. ಆಮೇಲೆ 'ಪಾಲಿಶ್‌ಗೆ ಕೊಟ್ಟೀನಿ' ಎಂದಿದ್ದ. ಅವಳು ಬೆನ್ನು ಬಿಡದೆ ಕೇಳಿದಾಗ ಮೊಬೈಲಿನ ಇಸ್ಪೀಟು, ಕ್ರಿಕೆಟ್ ಬಾಜಿ ಎಲ್ಲ ಹೊರಬಿದ್ದಿತ್ತು. ಮಂಜರಿ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವನನ್ನು ಸಾರಸಬಾಗಿನ ಗಣಪತಿ ಗುಡಿಗೆ ಕರೆದುಕೊಂಡು ಹೋಗಿದ್ದಳು.

"ನನ್ನ ತಲಿ ಮ್ಯಾಲೆ ಕೈ ಇಡು. ಅನ್ನು… ಇನ್ನೊಮ್ಮೆ ಆಡಿದ್ರ ಮಂಜರಿ ಸಾಯ್ಲಿ."

"ಹಂಗ್ಯಾಕ ಅಂತೀ? ನಾ ಸಾಯ್ಲಿ ಅಂತ ಆಣಿ ಮಾಡ್ತೀನಿ."

"ನಿನ್ನ ಜೀವದ ಕಿಮ್ಮತ್ತು ನಿನಗಿಲ್ಲ. ನನ್ನ ಜೀವದ್ದು ಅದ ಅಲ್ಲ? ಅನ್ನು."

ಅವನು ಅವಳ ತಲೆಯ ಮೇಲೆ ಕೈ ಇಟ್ಟು ಅಂದಿದ್ದ.

ಅವಳ ಅಜ್ಜಿ ಅವ್ವಮ್ಮ ಹೀಗೆಯೇ ತಲೆ ಮುಟ್ಟಿಸಿ ಅಜ್ಜನ ತಂಬಾಕು ಬಿಡಿಸಿದ್ದಳಂತೆ. ಆ ಕಥೆ ಕೇಳುತ್ತಲೇ ಬೆಳೆದವಳು ಮೊಮ್ಮಗಳು. ದಿನವಿಡೀ ಲ್ಯಾಬಿನಲ್ಲಿ ಕೂತು ಊರಿನವರ ರೋಗ ಕಂಡುಹಿಡಿಯುವವಳಿಗೆ ತನ್ನವನ ರೋಗಕ್ಕೆ ಹೊಳೆದ ಮದ್ದು ಅದೊಂದೇ. ಎಂಥ ಜಾಣೆ ನೋಡಿ.

ಆಮೇಲೆ ಜ್ವರ, ಆಸ್ಪತ್ರೆ, ಆ ಮೆಸೇಜು. ಗುಣವಾಗಿ ಬಂದ ಮೇಲೆ ಕೂದಲು ಉದುರುತ್ತಿತ್ತು. ಬಾಚಣಿಗೆ ಹಿಡಿದಾಗಲೆಲ್ಲ ಅಳುತ್ತಿದ್ದಳು. ಕೂದಲಿಗಾಗಿ ಅಳುತ್ತಾಳೆ ಎಂದುಕೊಂಡ ಅಮ್ಮ ಎಣ್ಣೆ ಕಾಯಿಸಿ ಹಚ್ಚುತ್ತಿದ್ದಳು.

ಹೋಗಬಾರದು ಎಂದು ವಾರವೆಲ್ಲ ತನಗೆ ತಾನೇ ಹೇಳಿಕೊಂಡವಳು ರವಿವಾರ ಬೆಳಿಗ್ಗೆ ಸ್ಕೂಟಿ ಹತ್ತಿದಳು.

ಕೇಂದ್ರದ ಅಂಗಳದಲ್ಲಿ ಬೇವಿನ ಮರದ ಕೆಳಗಿನ ಬೆಂಚಿನ ಮೇಲೆ ಅವನು ಕುಳಿತಿದ್ದ. ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತ.

"ಆ ಮೆಸೇಜ್ ಯಾಕ ಹಾಕಿದಿ? ಅದೊಂದು ಹೇಳು. ಕೇಳಿ ಹೋಗ್ತೀನಿ."

'ರಿ' ಬಿಟ್ಟುಹೋಗಿತ್ತು. ಇಬ್ಬರಿಗೂ ಅದು ಗೊತ್ತಾಯಿತು. ಗೊತ್ತಾಗದವರಂತೆ ಬೆಂಚಿನ ಎರಡು ತುದಿಗೆ ಕುಳಿತರು.

"ನಾ ಆಡಿದ್ದೆ ಮಂಜು. ಆಣಿ ಮಾಡಿದ ಮ್ಯಾಲೂ ಆಡಿದ್ದೆ. ಭಾಳ ತಡಕೊಂಡೆ… ಒಂದಿನ ಅಂಗಡಿ ಮುಚ್ಚೂಮುಂದ ಫೋನ್ ತಗದೆ. ಒಂದೇ ಆಟ ಅಂತ."

"ಆಮ್ಯಾಲೆ?"

"ಮರುದಿನ ನಿನಗ ಜ್ವರ ಬಂತು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಕಡೆ ತಿರುಗಿ ಕುಳಿತಳು.

"ದವಾಖಾನಿ ಹೊರಗ ಕುಂತಿದ್ದೆ ನಾ. ಒಳಗ ಬರಾಕ ಧೈರ್ಯ ಆಗಲಿಲ್ಲ. ಪ್ಲೇಟ್‌ಲೆಟ್ ಇಳೀಲಿಕ್ಕೆ ಹತ್ಯಾವ ಅಂತ ನಿಮ್ಮಣ್ಣ ಫೋನಿನಾಗ ಹೇಳೂದು ಕೇಳಿಸ್ತು. ನಾನೇ ನಿನ್ನ ಜೀವಾ ತಗದೆ ಅನಿಸ್ತು. ನಮ್ಮ ಸಂಬಂಧ ಹರದ್ರ ಆಣಿ ನಿನಗ ತಾಗೂದಿಲ್ಲ ಅಂತ ತಿಳಕೊಂಡೆ… ಅದಕ್ಕ ಹಾಕಿದೆ. ಹಾಕಿದ ಮ್ಯಾಲೆ ನೀ ಆರಾಮಾದಿ. ನಾ ತಿಳಕೊಂಡಿದ್ದು ಖರೇ ಅಂತ ಗಟ್ಟಿ ಆತು."

"ಸೊಳ್ಳಿ ಕಡದು ಬಂದ ಜ್ವರ ಋಷಿ ಅದು. ನಮ್ಮ ಓಣ್ಯಾಗ ಮನಿಗೊಬ್ಬರು ಮಲಗಿದ್ರು. ಅವರೆಲ್ಲಾರ ತಲಿ ಮ್ಯಾಲೂ ಕೈ ಇಟ್ಟಿದ್ದಿ ಏನು?"

"ಈಗ ತಿಳೀತದ. ಆಗ ತಿಳೀಲಿಲ್ಲ. ಆಟದಾಗೂ ಹಂಗೇ ಇದ್ದೆ ನಾ. ನೀಲಿ ಅಂಗಿ ಹಾಕ್ಕೊಂಡ್ರ ಗೆಲ್ತೀನಿ, ಎಡಗೈಲೆ ಇಸ್ಪೀಟ್ ಎಲಿ ಎತ್ತಿದ್ರ ಗೆಲ್ತೀನಿ… ಇಲ್ಲದ ಸಂಬಂಧ ಕಟ್ಟೂದು ಈ ರೋಗದ ಚಾಳಿನೇ ಅಂತ ತಾಯಿ ಹೇಳ್ತಾರ."

ತಾನು ಹಾಸಿಗೆಯಲ್ಲಿ ಮಲಗಿ ಬಾಗಿಲ ಕಡೆ ನೋಡುತ್ತಿದ್ದ ದಿನಗಳೆಲ್ಲ ಮಂಜರಿಯ ಕಣ್ಣ ಮುಂದೆ ಬಂದವು. ಒಂದು ಗೋಡೆಯ ಆಚೆಗೇ ಇದ್ದನಲ್ಲ… ನಾನೇ ಅಲ್ಲವೇ ಅವನನ್ನು ಹೊರಗೆ ಕೂರಿಸಿದ್ದು?

"ತಪ್ಪು ನಂದೂ ಅದ," ಎಂದಳು. "ನಿನ್ನ ರೋಗಕ್ಕ ಡಾಕ್ಟರ್ ಹುಡುಕೂದು ಬಿಟ್ಟು ನನ್ನ ಸಾವು ನಿನ್ನ ಕೊರಳಿಗೆ ಕಟ್ಟಿದೆ. ಆ ಆಣಿ ನಾ ವಾಪಸ್ ತಗೊಂಡೆ ಋಷಿ. ಇವತ್ತಿಗೆ ಬಿಡ್ತು."

ಅವನು ಮುಖ ಮುಚ್ಚಿಕೊಂಡು ಅತ್ತ. ಅವಳು ಬೆಂಚಿನ ಮೇಲೆ ಸರಿದು ಹತ್ತಿರ ಬಂದಳು. ಅವನ ಬೆನ್ನ ಮೇಲೆ ಕೈ ಇಟ್ಟಾಗ ಅವನು ದೂರ ಸರಿದ.

"ಇನ್ನೊಂದು ಅದ. ಅದನ್ನೂ ಕೇಳು, ಆಮ್ಯಾಲೆ ಮುಟ್ಟು."

"ಏನು?"

"ಹ್ವಾದ ವಾರ ಅಂಗಡಿ ಗೆಳೆಯ ಅಭಿಲಾಷ ನೋಡಾಕ ಬಂದಿದ್ದ. ಅವ್ವನ ಜೋಡಿ ಮಾತಾಡ್ತೀನಿ ಅಂತ ಅವನ ಫೋನ್ ಇಸಗೊಂಡೆ." ಅವನ ದನಿ ಇಳಿಯಿತು. "ಅವ್ವಗ ಹಚ್ಚಲಿಲ್ಲ. ಆಡಿದೆ. ಯಾರಿಗೂ ಗೊತ್ತಿಲ್ಲ. ತಾಯಿಗೂ ಹೇಳಿಲ್ಲ."

ಮಂಜರಿಯ ಕೈ ತಾನಾಗಿಯೇ ಎದ್ದಿತು. ಅವನ ಕೈ ಹಿಡಿದೆಳೆದು ಮತ್ತೆ ತನ್ನ ತಲೆಯ ಮೇಲೆ ಇಟ್ಟುಕೊಳ್ಳಲು. ಇನ್ನೊಂದೇ ಒಂದು ಸಲ, ಇನ್ನೂ ಗಟ್ಟಿಯಾದ ಆಣೆ…

ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. ಇಲ್ಲಿಗೆ ಬಂದ ಮೇಲೂ ಬಿಟ್ಟಿಲ್ಲ ಇವನು. ನಾಳೆ ಮದುವೆಯಾದ ಮೇಲೂ ಹೀಗೆಯೇ ಆದರೆ? ಮಕ್ಕಳಾದ ಮೇಲೆ? ಎದ್ದು ಹೋಗಿಬಿಡು ಎಂದು ಮನಸ್ಸು ಕೂಗುತ್ತಿತ್ತು.

ಆದರೆ ಅದೇ ಮನಸ್ಸು ಇನ್ನೊಂದನ್ನೂ ನೆನಪಿಸಿತು. ಉಂಗುರದ ಸುಳ್ಳು, ಬಾಜಿಯ ಸುಳ್ಳು, ಎಲ್ಲವನ್ನೂ ಅವಳೇ ಅಗೆದು ತೆಗೆದದ್ದು. ಇದೊಂದನ್ನು ಮಾತ್ರ ಅವಳು ಕೇಳದೆಯೇ ಅವನಾಗಿ ಹೇಳಿದ್ದ. ಅವಳು ಹತ್ತಿರ ಬಂದ ಗಳಿಗೆಯಲ್ಲೇ ಅವಳನ್ನು ಕಳೆದುಕೊಂಡರೂ ಸರಿ ಎಂದು ಹೇಳಿದ್ದ.

"ಮದುವಿ ಮಾತು ನಾ ಈಗ ಆಡೂದಿಲ್ಲ," ಎಂದಳು ಕಣ್ಣೊರೆಸಿಕೊಂಡು.

"ಕೇಳೂ ಮಾರಿನೂ ಇಲ್ಲ ನನಗ."

"ಏಳು. ಈಗ ನನಗ ಹೇಳಿದ್ದನ್ನ ಸುಲಭಾತಾಯಿಗೆ ಹೇಳಿ ಬಾ."

"ಅವರು ನನ್ನ ಮನಿಗೆ ಕಳಿಸಿದ್ರ?"

"ರೋಗ ಹೆಚ್ಚಾತು ಅಂತ ಯಾರೂ ದವಾಖಾನಿಯಿಂದ ಹೊರಗ ಹಾಕೂದಿಲ್ಲ. ಹೋಗು."

ಅವನು ಎದ್ದ. ಕಾಲು ಎಳೆಯುತ್ತ ಮೆಟ್ಟಿಲ ತನಕ ಹೋದವನು ತಿರುಗಿ ನಿಂತ.

"ನಾ ಒಳಗ ಹ್ವಾದ ಮ್ಯಾಲೆ ನೀ ಹೋಗಬಹುದು ಮಂಜು. ನಾ ತಪ್ಪು ತಿಳಕೊಳ್ಳೂದಿಲ್ಲ."

"ಗೊತ್ತದ."

"ಮತ್ತ?"

ಅವಳು ಪರ್ಸನ್ನು ಪಕ್ಕಕ್ಕಿಟ್ಟು, ಸ್ಕೂಟಿಯ ಕೀಲಿಯನ್ನು ಅದರೊಳಗೆ ಹಾಕಿದಳು.

"ಮತ್ತೇನು… ಹೇಳಿ ಬಾ. ಇಲ್ಲೇ ಕುಂತಿರ್ತೀನಿ."