ಉಳಿಯ ಬೆನ್ನು

"ಮೊದಲು ಏನು ಹರಿತ ಮಾಡಬೇಕು ಹೇಳ್ರಿ, ಆಮ್ಯಾಲ ಸಾಣೆ ತೋರಿಸ್ತೀನಿ."

ನಾಸಿಕ್ ರೋಡ್ ಸ್ಟೇಷನ್ನಿನ ಎದುರಿನ ತಮ್ಮ ಹತಾರದ ಅಂಗಡಿಯಲ್ಲಿ ಕಸ್ತೂರಿಬಾಯಿ ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತಿದ್ದ ಮಾತಿದು. ಬೀದರಿನಿಂದ ಬಂದು ಇಲ್ಲೇ ತಲೆ ನರೆತ ಈ ಹೆಂಗಸಿಗೆ, ಪೊಲೀಸರು ಕೈಬಿಟ್ಟ ಗಂಟುಗಳನ್ನು ಬಿಚ್ಚುವ ಹುಚ್ಚೂ ಇತ್ತು. ಪಾಪ, ಸೊಸೆ ಭಾಗ್ಯಶ್ರೀಯ ಕೊರಳಿಗೆ ಅಂಗಡಿ, ಅಡುಗೆ, ಪತ್ತೇದಾರಿ ಮೂರೂ ಬಿದ್ದಿದ್ದವು.

"ಮನೀ ಚಾಕೂ ಅದ, ಬಡಗಿ ಉಳೀನೂ ಅದ" ಎಂದ ಗಿರಾಕಿ.

"ಹಂಗಾದ್ರ ಎರಡು ಸಾಣೆ ಬೇಕು. ಚಾಕು ಎರಡೂ ಕಡೆ ಇಳಿಜಾರು, ಈ ಸಂದಿನ ಸಾಣ್ಯಾಗ, ಎರಡು ಹಲ್ಲಿನ ನಡುವ, ಎಳದ್ರ ಆತು. ಉಳಿ ಒಂದೇ ಕಡೆ ಇಳಿಜಾರು, ಬೆನ್ನು ಸಪಾಟ. ಅದಕ್ಕ ಎಣ್ಣಿಕಲ್ಲೇ ಸೈ. ಉಳೀನ ಈ ಸಂದ್ಯಾಗ ಎಳದ್ರೋ, ಉಳೀನೂ ಹೋತು, ಸಾಣೀನೂ ಹೋತು."

ಆ ಹೊತ್ತಿಗೆ ಬಾಗಿಲ ಬಳಿ ಒಬ್ಬ ಹೆಣ್ಣುಮಗಳು ಕುಸಿದು ಕೂತಳು. ಅವಳ ಹೆಸರು ಗುಂಡವ್ವ. ಸಂಭಾಜಿನಗರದ ವಾಳೂಜ್‌ನಿಂದ ಕಸ್ತೂರಿಬಾಯಿಯ ಹೆಸರು ಕೇಳಿ, ಮನ್ಮಾಡ್ ಮೇಲೆ ಹಾದು ರೈಲಿನಲ್ಲಿ ಬಂದಿದ್ದಳು. ಅವಳ ಗಂಡ ರೇವಪ್ಪ ಅಲ್ಲಿನ ಕಟ್ಟಡವೊಂದರಲ್ಲಿ ಬಡಗಿ. ನಿನ್ನೆ ಬೆಳಿಗ್ಗೆ ಕೂಲಿಗಳ ಮೇಸ್ತ್ರಿ, ಮುಕಾದಮ ಕಾಶೀನಾಥ ಎಂದಿನಂತೆ ಎಲ್ಲರಿಗಿಂತ ಮೊದಲು ಅಟ್ಟಣಿಗೆ ಹತ್ತಿದ್ದ. ಅಟ್ಟಣಿಗೆಯ ಹಗ್ಗ ಹರಿದು ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದ್ದ. ಹಗ್ಗವನ್ನು ಯಾರೋ ಕೊಯ್ದಿದ್ದರು. ಅದರ ಬುಡದಲ್ಲೇ ರೇವಪ್ಪನ ಉಳಿ ಬಿದ್ದಿತ್ತು.

"ಹಿಂದಿನ ದಿನಾನೇ ಇಬ್ಬರಿಗೂ ಜಗಳ ಆಗಿತ್ರಿ ಅಕ್ಕಾರ. ಗುತ್ತಿಗೆದಾರ ನನ್ನ ಗಂಡನ್ನ ಸಿಮೆಂಟ್ ಖೋಲ್ಯಾಗ ಹಾಕಿ ಕೀಲಿ ಹಾಕ್ಯಾನ. ಗೇಟಿಗೂ ಕೀಲಿ. ನಾ ಸಂತಿಗೆ ಹೋಗಿದ್ದಕ್ಕ ಹೊರಗ ಉಳಿದೆ. ಇವತ್ತ ಸಂಜಿಗೆ ಪೊಲೀಸರ ಕೈಗೆ ಕೊಡ್ತಾನಂತ. ಅಂವ ಒಂದು ಇರುವೀನೂ ಕೊಲ್ಲಂಗಿಲ್ರಿ."

ಕಸ್ತೂರಿಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದರು. "ಭಾಗ್ಯಾ, ಶಟರ್ ಎಳಿ."

ವಾಳೂಜ್‌ನ ಆ ಕಟ್ಟಡದ ಸುತ್ತ ಆಳೆತ್ತರದ ತಗಡು ಬಡಿದಿತ್ತು. ಗುತ್ತಿಗೆದಾರ ಮಧುಕರನ ತಾಯಿ ಅಕ್ಕಲಕೋಟೆಯವಳು, ಹಾಗಾಗಿ ಅವನಿಗೆ ಕನ್ನಡ ಬರುತ್ತಿತ್ತು. ಹತಾರವನ್ನೆಲ್ಲ ಕಸ್ತೂರಿಬಾಯಿಯ ಅಂಗಡಿಯಿಂದಲೇ ಕೊಳ್ಳುತ್ತಿದ್ದನಾದ್ದರಿಂದ ಮುಖ ಕಿವುಚಿಕೊಂಡೇ ಮೂವರನ್ನೂ ಒಳಗೆ ಬಿಟ್ಟ. ಅವರ ಬೆನ್ನ ಹಿಂದೆ ಬೀಗ ಬಿದ್ದಾಗ ಭಾಗ್ಯಶ್ರೀ ತಿರುಗಿ ಗೇಟಿನತ್ತ ನೋಡಿದಳು. ನೆರಳಲ್ಲಿ ಕೂತ ಕೂಲಿಗಳು ಕತ್ತೆತ್ತಿ ಅವರತ್ತ ನೋಡಿದರು. ತಗಡು ಕಾದು ಉಸಿರಾಡಲೂ ಕಷ್ಟವಾಗಿತ್ತು. ಒಮ್ಮೆ ಹೊರಗೆ ಹೋದರೆ ಸಾಕಪ್ಪ ಎನಿಸಿತು ಅವಳಿಗೆ.

ಸಿಮೆಂಟ್ ಖೋಲಿಯ ಕಿಟಕಿಯ ಸರಳು ಹಿಡಿದು ರೇವಪ್ಪ ನಿಂತಿದ್ದ. ಹೆಂಡತಿಯನ್ನು ಕಂಡು ಸರಳಿನಾಚೆ ಕೈ ಚಾಚಿದ.

"ಉಳಿ ನಂದೇ ಖರೇ ಅದರಿ. ಬಾಯಿ ಮೊಂಡಾಗಿತ್ತು. ರಜಾ ದಿನ ಮಸದರಾತು ಅಂತ ಪೆಟಗಿ ಮ್ಯಾಲ ಇಟ್ಟಿದ್ದೆ."

ಮಧುಕರ ಆ ಉಳಿಯನ್ನು ತಂದುಕೊಟ್ಟ. ಅದು ಮೊಂಡಾಗಿರಲಿಲ್ಲ. ಕಸ್ತೂರಿಬಾಯಿ ಹೆಬ್ಬೆರಳಿನಿಂದ ಅದರ ಬೆನ್ನು ಸವರಿ ಸೊಸೆಗೆ ಕೊಟ್ಟರು. ತುದಿಯಲ್ಲಿ ಸಣ್ಣ ಇಳಿಜಾರು, ಒರಟು ಗೆರೆ ಭಾಗ್ಯಶ್ರೀಯ ಬೆರಳಿಗೂ ಸಿಕ್ಕವು. ತುಕ್ಕು ಇರಬೇಕೆಂದು ಅವಳು ಅಷ್ಟಕ್ಕೇ ಬಿಟ್ಟಳು.

ಚಹಾ ಕುಡಿಯಲು ಊಟದ ಛಪ್ಪರಕ್ಕೆ ಹೋದರು. ಅಡುಗೆಯ ರವಿಕುಮಾರ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅದರ ತಳಕ್ಕೆ ಚಾಕು ಮಸೆಯುತ್ತಿದ್ದ.

"ಮಧುಕರರಾವ್ ಒಯ್ದ ನಮ್ಮ ಅಂಗಡಿ ಸಂದಿನ ಸಾಣೆ ಏನಾತಪ್ಪ?" ಎಂದರು ಕಸ್ತೂರಿಬಾಯಿ.

"ಎಲ್ಲೋ ಬಿದ್ದದರಿ. ಹುಡುಕಬೇಕು" ಎಂದು ಅವನು ಒಲೆಯತ್ತ ತಿರುಗಿದ.

ಪಕ್ಕದಲ್ಲಿ ಕೂತಿದ್ದ, ಬಣ್ಣ ಬಳಿಯುವ ಮಹಿಬೂಬ ನಕ್ಕ. "ಹುಡುಕಲಿಕ್ಕೆ ಬ್ಯಾರೆ ಯಾರರೆ ಹೋಗ್ತಾರೇನ್ರಿ? ಅಡಗಿ ಖೋಲ್ಯಾಗ ಒಬ್ಬರನ್ನೂ ಬಿಡಂಗಿಲ್ಲ ಈ ಮಹಾರಾಯ. ಕೀಲಿ ಅವನ ಉಡದಾರಕ್ಕೇ ಅದ."

ಕಸ್ತೂರಿಬಾಯಿ ಚಹಾ ಮುಗಿಸಿ, ಹೊರಗೆ ನಿಂತು ಫೋನಿನಲ್ಲಿ ಎರಡು ಮಾತಾಡಿದರು. ಆಮೇಲೆ ಎಲ್ಲರನ್ನೂ ಛಪ್ಪರಕ್ಕೆ ಕರೆಸಿದರು. ರೇವಪ್ಪನನ್ನೂ ಖೋಲಿಯಿಂದ ಹೊರಗೆ ತರಿಸಿದರು.

"ಮಧುಕರರಾವ್, ಹಗ್ಗ ಕೊಯ್ದವ ಬಡಗಿ ಅಲ್ಲ. ಈ ಉಳೀನೇ ಹೇಳ್ತದ. ಇದರ ಬೆನ್ನಿನ ಮ್ಯಾಗೂ ಇಳಿಜಾರು ಬಂದದ. ಉಳಿ ಬೆನ್ನು ಸಪಾಟ ಇಡಲಿಕ್ಕೆ ಬಡಗಿ ಜೀವ ಬಿಡ್ತಾನ. ಎರಡೂ ಕಡೆ ಒಮ್ಮೆಗೇ ತಿಕ್ಕೋದು ಸಂದಿನ ಸಾಣೆ. ಮೊಂಡ ಉಳಿಗೆ ಹಗ್ಗ ಕೊಯ್ಯಲಿಕ್ಕಾಗದೆ ಯಾರೋ ಅದರಾಗ ಎಳದಾರ."

"ಆ ಸಾಣೆ ಎರಡಕ್ಕೂ ಆಗ್ತದಂತ ನಾನೇ ತಂದಿದ್ದೆ" ಎಂದ ಮಧುಕರ. "ರೇವಪ್ಪ ಮುಟ್ಟಲೇ ಇಲ್ಲ. ಅಡಗೀಗೆ ಕೊಟ್ಟೆ."

"ಹೌದಲ್ಲ. ಚಾಕು ಹಿಡಿಯೋನಿಗೆ ಎಲ್ಲಾ ಅಲಗೂ ಚಾಕುವಿನಂಗೇ ಕಾಣ್ತದ. ರವಿಕುಮಾರ ತನ್ನ ಚಾಕುವಿನಿಂದ ಕೊಯ್ಯಬಹುದಿತ್ತು. ಆದ್ರ ಬುಡದಾಗ ಬಿಡಲಿಕ್ಕೆ ರೇವಪ್ಪನ ಉಳಿ ಬೇಕಿತ್ತು, ಬರೇ ಇಟ್ಟರ ಮೊಂಡು ಉಳಿ ಹಗ್ಗ ಕೊಯ್ದದಂತ ಯಾರೂ ನಂಬಂಗಿಲ್ಲ. ದಪ್ಪ ಉಳಿ ಎಳದು ಸಾಣೆ ಹಲ್ಲು ಮುರೀತು. ಅದಕ್ಕೇ ಇವತ್ತ ಕಪ್ಪಿನ ತಳಕ್ಕ ಮಸೆಯೋದು. ಮುರಿದದ್ದು ಹೊರಗ ಒಯ್ದು ಎಸಿಯೋಣಂದ್ರ ಗೇಟಿಗೆ ಕೀಲಿ. ಮುಚ್ಚಿಡಲಿಕ್ಕೆ ಅವನ ಅಡಗಿ ಖೋಲಿ ಒಂದೇ. ಮಹಿಬೂಬ, ಅವನ ಕೀಲಿ ಇಸಗೊಂಡು ಹೋಗಿ ಅಕ್ಕಿ ಡಬ್ಬ್ಯಾಗ ಕೈ ಹಾಕಿ ನೋಡಪ್ಪ."

ಮಹಿಬೂಬ ಮೊಣಕೈವರೆಗೂ ಕೈ ಇಳಿಸಿ ಸಾಣೆಯನ್ನು ತೆಗೆದು ತಂದ. ಅದರ ಸಂದಿನ ಒಂದು ಹಲ್ಲು ಚಕ್ಕೆ ಎದ್ದಿತ್ತು. ಉಳಿಯ ಬೆನ್ನಿನ ಒರಟು ಗೆರೆ ಅದೇ ಜಾಗಕ್ಕೆ ಕೂತಿತು. ತಾನು ತುಕ್ಕು ಅಂದುಕೊಂಡದ್ದಕ್ಕೆ ಭಾಗ್ಯಶ್ರೀಗೆ ನಾಚಿಕೆಯಾಯಿತು.

ರವಿಕುಮಾರ ಓಡಲಿಲ್ಲ. ಓಡುವುದಾದರೂ ಎಲ್ಲಿಗೆ?

"ಅವ್ವ ಚಿಂಚೋಳ್ಯಾಗ ಹಾಸಗಿ ಹಿಡದಾಳ್ರಿ" ಎಂದ. "ನಮ್ಮೆಲ್ಲರ ಆಧಾರ್ ಕಾರ್ಡು ಮಧುಕರ ಸಾಹೇಬರ ಕಪಾಟಿನ್ಯಾಗ ಅವ. ಊರಿಗೆ ಹೋಗ್ತೀನಿ, ಕಾರ್ಡು ಕೊಡಸ್ರಿ ಅಂತ ಕಾಲು ಹಿಡಿದೆ. ಕಾಶೀನಾಥ ನಕ್ಕ. ಅಂವ ಬಿದ್ರ ಕೆಲಸ ನಿಲ್ತದ, ಎಲ್ಲಾರಿಗೂ ರಜಾ ಕೊಟ್ಟು ಗೇಟ್ ತೆಗೀತಾರಂತ ತಿಳದಿದ್ದೆ. ಇದ್ದದ್ದು ಇನ್ನೂ ಬಿಗಿಯಾತು."

"ನೀ ಹೊರಗ ಹೋಗಲಿಕ್ಕೆ ನನ್ನನ್ನ ಒಳಗ ಹಾಕಿಸಿದಿ" ಎಂದ ರೇವಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು.

"ಪೊಲೀಸರಿಗೆ ನಾನೇ ಫೋನ್ ಮಾಡೀನಿ, ಮಧುಕರರಾವ್" ಎಂದರು ಕಸ್ತೂರಿಬಾಯಿ. "ನೀವು ಯಾಕ ಮಾಡಿರಲಿಲ್ಲಂತ ಈಗ ತಿಳೀತು. ಅವರು ಬರೋದರೊಳಗ ಕಪಾಟು ತೆಗೀರಿ. ಮಂದಿ ಕೂಡಿಹಾಕಿದ ಲೆಕ್ಕ ನಿಮ್ಮನ್ನೂ ಕೇಳ್ತಾರ."

ಮಧುಕರನ ಮುಖ ಸಪ್ಪಗಾಯಿತು. ಕಪಾಟು ತೆರೆಯಿತು, ಗೇಟೂ ತೆರೆಯಿತು. ಕಾರ್ಡು ಸಿಕ್ಕವರು ಗಂಟುಮೂಟೆ ಕಟ್ಟಲು ಓಡಿದರು. ಭಾಗ್ಯಶ್ರೀಗೆ ಆಗಲೇ ಸರಿಯಾಗಿ ಉಸಿರು ಬಂದದ್ದು. ರವಿಕುಮಾರನ ಕಾರ್ಡನ್ನು ಕಸ್ತೂರಿಬಾಯಿಯೇ ಅವನ ಕೈಗಿಟ್ಟರು. ಅಷ್ಟರಲ್ಲಿ ಪೊಲೀಸ್ ಜೀಪು ಬಂದು ಗೇಟಿಗೆ ಅಡ್ಡ ನಿಂತಿತು.

ಜೀಪಿನ ಕಡೆ ನಡೆಯುತ್ತ ರವಿಕುಮಾರ ಗುಂಡವ್ವನ ಮುಂದೆ ನಿಂತ.

"ಅಕ್ಕಾ, ನಮ್ಮವ್ವಗ ಒಂದು ಫೋನ್ ಮಾಡ್ರಿ. ಇನ್ನೂ ರಜಾ ಸಿಕ್ಕಿಲ್ಲಂತ ಹೇಳ್ರಿ."

ಗುಂಡವ್ವ ಗಂಡನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಇನ್ನೊಂದು ಕೈಯಿಂದ ಸೊಂಟದ ಚೀಲ ಬಿಚ್ಚಿ ಫೋನು ತೆಗೆದಳು.

"ನಂಬರ್ ಹೇಳು" ಎಂದಳು.